ಬಗಲ ಚಿಗುರು

೧೨ ಜೂನ್ ೨೦೨೨, ಕುಷ್ಟಗಿ

ಬೆಳಿಗ್ಗೆ ಅಂದಪ್ಪ ತೋಟಕ್ಕೆ ಬಂದ. ಸಸಿಗಳ ಸಾಲಿನ ತುದಿಯಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಅಲ್ರಿ ಸರ, ಇವು ಗಿಡ ಅದಾವೋ ಊದಿನಕಡ್ಡಿ ಅದಾವೋ?" ಎಂದ.

ಜಮೀನು ಅವನದು, ಬೋರು ಅವನದು, ನಾವು ಗಂಡ ಹೆಂಡತಿ ಇರುವ ಎರಡು ಕೋಣೆಯ ಮನೆಯೂ ಅವನದು. ತಳಿಶಾಸ್ತ್ರ ಕಲಿಸುವ ನೌಕರಿ ಬಿಟ್ಟು ಬಂದ ನನ್ನ ತಲೆಯೊಳಗೆ ಇರುವುದಷ್ಟೇ ನನ್ನದು. ಕುಷ್ಟಗಿಯ ಬಿಸಿಲಿನಲ್ಲಿ ಸೇಬು ಬೆಳೆಯುತ್ತೇನೆಂದಾಗ ಪೇಟೆಯಲ್ಲಿ ನಗದಿದ್ದವನು ಈ ಕಾಳಿನ ವ್ಯಾಪಾರಿ ಒಬ್ಬನೇ. ಹಾಗಾಗಿ ಕೇಳಿದಾಗಲೆಲ್ಲ ಬಿಡಿಸಿ ಹೇಳುತ್ತೇನೆ. ಈ ಸಸಿಗಳ ತಾಯಿ ಬಿಸಿಲು ತಡೆಯುವ ಸಾಧಾರಣ ಸೇಬು. ತಂದೆ ಕಂಬಸೇಬು, ಅದರ ಪರಾಗವನ್ನು ಶಿಮ್ಲಾದ ಗೆಳೆಯನೊಬ್ಬ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಕಳಿಸಿದ್ದ. ಅರವತ್ತು ವರ್ಷದ ಹಿಂದೆ ಕೆನಡಾದ ಒಂದು ಮರದಲ್ಲಿ ಒಂದೇ ಒಂದು ಕೊಂಬೆ, ಬಗಲಿಗೆ ಏನೂ ಒಡೆಯದೆ, ನೆಟ್ಟಗೆ ಮೇಲಕ್ಕೆ ಹೋಯಿತು. ಕಂಬಸೇಬುಗಳೆಲ್ಲ ಆ ಕೊಂಬೆಯ ಸಂತಾನ. ಅವಕ್ಕೆ ಜಾಗ ಬೇಡ, ಮೊಳಕ್ಕೊಂದರಂತೆ ನೆಡಬಹುದು.

"ನೆಟ್ಟಗಿರೂದು ಯಾರ ಕಡಿಂದ ಬರತೈತ್ರಿ?"

"ಅಪ್ಪನ ಕಡಿಂದ. ಇಬ್ಬರಾಗ ಒಬ್ಬರಿಗೆ ಇದ್ರ ಸಾಕು."

"ಎಲ್ಲಾ ಮಕ್ಕಳಿಗೂ ಬರತೈತೇನು?"

"ಅರ್ಧಕ್ಕ. ಒಂದೊಂದು ಬೀಜಕ್ಕೂ ನಾಣ್ಯ ಚಿಮ್ಮಿದಂಗ."

"ಯಾವುದಕ್ಕ ಬಂದೈತಿ, ಯಾವುದಕ್ಕ ಇಲ್ಲ, ಹೆಂಗ ತಿಳೀತೈತಿ?"

"ಸಣ್ಣವಿದ್ದಾಗ ತಿಳಿಯಂಗಿಲ್ಲ. ಎಲ್ಲಾ ಒಂದೇ ಥರ ಇರತಾವ. ಮುಂದ ವಯಸ್ಸಿಗೆ ಬಂದಾಗ ತೋರಸ್ತಾವ."

ಅವನು ಸ್ವಲ್ಪ ಹೊತ್ತು ಮೀಸೆ ತೀಡಿದ. "ಅಂದ್ರ ಬೀಜದಾಗ ಬರದಿರತೈತಿ, ನಾವು ಓದೂದು ತಡಾ." ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಬೇಗ ಹಿಡಿದವರು ಕಡಿಮೆ.

ಬಗಲಿಗೆ ಕೊಂಬೆ ಒಡೆದ ಸಸಿಯನ್ನು ಕಿತ್ತು ಸುಡಬೇಕು. ಇವತ್ತು ಕೆಲವನ್ನು ಆಳು ಹೆಂಗಸು ಫಕೀರಮ್ಮ ಕಿತ್ತಳು. ಬೇರು ಮಣ್ಣು ಬಿಡುವಾಗ ಒಂದು ಸಣ್ಣ ಸದ್ದು ಬರುತ್ತದೆ. ನಾನು ಆ ಕಡೆ ನೋಡಲಿಲ್ಲ.

೧೩ ಜೂನ್

ಹೆಂಡತಿ ಶೇಖರಮ್ಮನ ಕೈಯಿಂದ ಮತ್ತೆ ಚಹದ ಕಪ್ಪು ಹಾರಿತು. ಜಾರಲಿಲ್ಲ, ಹಾರಿತು. ಕೈ ತನಗೆ ತಾನೇ ಏನೋ ನೆನಪಾದಂತೆ ಪಕ್ಕಕ್ಕೆ ಎಸೆದುಕೊಂಡಿತು. ಅವಳು ನಕ್ಕಳು. "ನಮ್ಮವ್ವಗ ಬಂದಂಗ ನನಗೂ ಹುಲಿಗೆಮ್ಮ ಬರಾಕತ್ತ್ಯಾಳ್ರಿ. ಇನ್ನಾ ಹೊಸ್ತಲದಾಗ ನಿಂತಾಳ, ಒಳಗ ಬಂದಿಲ್ಲ."

ಅವಳ ತಾಯಿ ಮುದಕಮ್ಮನಿಗೆ ಹುಲಿಗಿಯ ಅಮ್ಮ ಮೈಮೇಲೆ ಬರುತ್ತಾಳೆಂದು ಯಲಬುರ್ಗಾದ ಸುತ್ತಲಿನ ಹಳ್ಳಿಗಳೆಲ್ಲ ನಂಬಿದ್ದವು. ಕೈಕಾಲು ಕುಣಿಯುತ್ತಿದ್ದವು, ಮುಖ ಸೊಟ್ಟಗಾಗುತ್ತಿತ್ತು, ಮಾತು ತೊದಲುತ್ತಿತ್ತು. ಜನ ಕಾಯಿ ಒಡೆದು ಕಾಲಿಗೆ ಬೀಳುತ್ತಿದ್ದರು. ಕೊನೆಗೆ ನುಂಗಲಾರದೆ ಸತ್ತಳು. ಅದನ್ನೂ ಅಮ್ಮ ಕರೆದುಕೊಂಡಳೆಂದರು.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ನರರೋಗದ ವೈದ್ಯರು ಶೇಖರಮ್ಮನ ರಕ್ತವನ್ನು ಪರೀಕ್ಷೆಗೆ ಕಳಿಸಿ, ನನ್ನೊಬ್ಬನನ್ನೇ ಒಳಗೆ ಕರೆದರು. ಹಂಟಿಂಗ್ಟನ್ ರೋಗ. ನಡುವಯಸ್ಸಿಗೆ ತೋರುತ್ತದೆ, ಔಷಧಿಯಿಲ್ಲ, ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಸಾಕು, ಮಕ್ಕಳಲ್ಲಿ ಅರ್ಧಕ್ಕೆ. ಅವರು ಬಿಡಿಸಿ ಹೇಳಲು ಹೊರಟಾಗ, ಗೊತ್ತು ಎಂದೆ. ನನ್ನ ಕಸುಬೇ ಅದು.

ನಮಗಿರುವವಳು ಒಬ್ಬಳೇ ಮಗಳು, ದಾನೇಶ್ವರಿ. ಒಂದರಲ್ಲಿ ಅರ್ಧ ಎಂದರೇನೆಂದು ಲೆಕ್ಕ ಹೇಳುವುದಿಲ್ಲ. ಅವಳಿಗೂ ಹೇಳಿಲ್ಲ, ಶೇಖರಮ್ಮನಿಗೂ ಹೇಳಿಲ್ಲ. ಸೇಬನ್ನು ನೆಟ್ಟಗೆ ಬೆಳೆಸುವುದು ಅದರ ಹತ್ತನೆಯ ವರ್ಣತಂತುವಿನಲ್ಲಿ ಎಲ್ಲಿಂದಲೋ ಬಂದು ಸೇರಿಕೊಂಡ ಒಂದು ತುಣುಕು. ಈ ರೋಗ ತರುವುದು ಮನುಷ್ಯನ ನಾಲ್ಕನೆಯದರಲ್ಲಿ, ತೊದಲುವವನ ಬಾಯಲ್ಲಿಯಂತೆ, ಮತ್ತೆ ಮತ್ತೆ ಬರುವ ಮೂರು ಅಕ್ಷರ. ಎರಡೂ ಕಡೆ ಕೊರತೆಯಿಲ್ಲ. ಹೆಚ್ಚಾಗಿದೆ.

ಕಪ್ಪಿನ ಚೂರುಗಳನ್ನು ನಾನೇ ಆಯ್ದೆ. ಇನ್ನು ಮುಂದೆ ಅವಳಿಗೆ ಸ್ಟೀಲಿನ ಲೋಟ.

೩ ಜುಲೈ

ಅಂದಪ್ಪ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ತೋಟಕ್ಕಲ್ಲ, ಮನೆಗೆ. ಅವರ ಮಗ ಪ್ರಭುರಾಜನಿಗೆ ನಮ್ಮ ದಾನೇಶ್ವರಿಯನ್ನು ಕೇಳಿದರು. ಹುಡುಗ ಹುಡುಗಿ ಗಂಗಾವತಿಯಲ್ಲಿ ಆಗಲೇ ಮಾತಾಡಿಕೊಂಡಿದ್ದಾರಂತೆ; ಅವಳು ಕೆಲಸ ಮಾಡುವ ಲ್ಯಾಬಿಗೆ ರಕ್ತ ಕೊಡುವ ನೆಪದಲ್ಲಿ ಇವನು ಹೋಗಿದ್ದನಂತೆ.

"ಒಮ್ಮೆ ಅಲ್ರಿ, ಭಾಳ ಸಲ ಕೊಟ್ಟಾನ. ಮಗನ ಮೈಯಾಗ ರಕ್ತ ಉಳೀಬೇಕಂದ್ರ ಲಗೂನ ಲಗ್ನ ಮಾಡೂದ ಛಲೋ," ಎಂದ ಅಂದಪ್ಪ. ಎಲ್ಲರೂ ನಕ್ಕರು. ನಾನೂ.

ಅಂದಪ್ಪನ ಹೆಂಡತಿ ಶೇಖರಮ್ಮನ ಕುಣಿಯುವ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಅಮ್ಮ ಮೈಮ್ಯಾಲ ಬರೂ ಮನಿತನದ ಕೂಸು ನಮ್ಮ ಮನಿಗಿ ಬರತೈತಿ ಅಂದ್ರ ನಾವs ಪುಣ್ಯ ಮಾಡೀವಿ ಯವ್ವಾ."

ಹೇಳಬೇಕಾಗಿತ್ತು. ಬಾಯಿ ತೆರೆದೆ. ಅಂದಪ್ಪ, "ಏನರ ಅನ್ರಲ್ಲ, ಬೀಗರ," ಎಂದ. ಆ ಮಾತನ್ನು ನನಗೆ ಯಾರೂ ಎಂದೂ ಅಂದಿರಲಿಲ್ಲ. ಒಂದು ಗಳಿಗೆ ಅದನ್ನು ಕೇಳುತ್ತ ಕೂತೆ. ಆಮೇಲೆ ಸಕ್ಕರೆ ಹಂಚಿದರು.

೧೯ ಜುಲೈ

ದಾನೇಶ್ವರಿ ಬಂದು ಒಂದು ದಿನ ಇದ್ದು ಹೋದಳು. ಅವ್ವನ ಸಕ್ಕರೆ ಪರೀಕ್ಷೆಗೆ ರಕ್ತ ತೆಗೆದಳು. ಶೇಖರಮ್ಮನ ತೋಳು ನಿಲ್ಲುವುದಿಲ್ಲ. ಓಡುವ ತೋಳಿನ ನರವನ್ನು ಒಂದೇ ಸಲಕ್ಕೆ ಹಿಡಿದಳು. ಬೆರಳು ಕಲ್ಲಿನಂತೆ ಸ್ಥಿರ.

"ಏನ ನೋಡಾಕತ್ತಿ ಅಪ್ಪಾ?"

"ಛಲೋ ತಗೀತಿ."

"ಇಷ್ಟು ದಿನಕ್ಕ ಇವತ್ತರ ಹೊಗಳಿದ್ಯಲ್ಲ, ಗಿಡಾ ಬಿಟ್ಟು."

ಕೈಯನ್ನೇ ನೋಡುತ್ತಿದ್ದೆ. ಊಟ ಮಾಡುವಾಗ, ಜಡೆ ಹಾಕಿಕೊಳ್ಳುವಾಗ, ಫೋನಿನಲ್ಲಿ ನಗುವಾಗ. ಇಪ್ಪತ್ತೈದು ವರ್ಷಕ್ಕೆ ಏನೂ ಕಾಣುವುದಿಲ್ಲವೆಂದು ಗೊತ್ತಿದ್ದೂ.

೮ ಆಗಸ್ಟ್

ಅಸಾಧಾರಣ. ಜೂನಿನಲ್ಲಿ ಕಿತ್ತವನ್ನು ಲೆಕ್ಕಕ್ಕೆ ಸೇರಿಸಿದರೂ ಮುಕ್ಕಾಲಿಗಿಂತ ಹೆಚ್ಚು ಸಸಿಗಳು ನೆಟ್ಟಗಿವೆ. ಅರ್ಧವಿರಬೇಕಾಗಿತ್ತು. ಏನೋ ಇದೆ ಇಲ್ಲಿ. ಈ ಮಣ್ಣೋ, ಈ ಬಿಸಿಲೋ ಆ ತುಣುಕಿನ ಪರವಾಗಿ ನಿಂತಿದೆ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಹೀಗೆ ಏನೂ ಸಿಕ್ಕಿರಲಿಲ್ಲ. ಶಿಮ್ಲಾದ ಗೆಳೆಯನಿಗೆ ಫೋನು ಮಾಡಿ ಹೇಳಿದೆ. ಅವನು ನಂಬಲಿಲ್ಲ, ಮತ್ತೆ ನೋಡು ಎಂದ. ಹೊಟ್ಟೆಕಿಚ್ಚು.

೨ ಸೆಪ್ಟೆಂಬರ್

ಸುಳ್ಳು.

ಇವತ್ತು ಎಲೆಯಿಂದ ಎಲೆಗಿರುವ ಅಂತರ ಅಳೆಯತೊಡಗಿದೆ. ನಿಜವಾದ ಕಂಬಸೇಬಿನಲ್ಲಿ ಎಲೆಗಳು ಒತ್ತೊತ್ತಾಗಿರುತ್ತವೆ, ಕಾಂಡ ದಪ್ಪಗಿರುತ್ತದೆ. ನನ್ನ ನೆಟ್ಟಗಿನ ಸಸಿಗಳಲ್ಲಿ ಎಷ್ಟೋ ಗಿಡಗಳ ಕಾಂಡ ತೆಳು, ಎಲೆ ದೂರ ದೂರ. ಭೂತಗನ್ನಡಿ ಹಿಡಿದೆ. ಎಲೆಯ ಕಂಕುಳಲ್ಲೆಲ್ಲ ಒಣಗಿದ ಸಣ್ಣ ಗಾಯ. ಬಗಲ ಚಿಗುರನ್ನು ಯಾರೋ ಉಗುರಿನಿಂದ, ನಾಜೂಕಾಗಿ, ದಿನವೂ ಚಿವುಟಿದ್ದಾರೆ.

ಈ ಸೀಮೆಯ ದಾಳಿಂಬೆ ತೋಟದಲ್ಲಿ ದುಡಿದವರಿಗೆ ಬಗಲ ಚಿಗುರು ಕಂಡರೆ ಕೈ ಸುಮ್ಮನಿರುವುದಿಲ್ಲ. ಫಕೀರಮ್ಮನನ್ನು ಉಳಿದ ಆಳುಗಳ ಮುಂದೆ ನಿಲ್ಲಿಸಿದೆ. ಕಳ್ಳಿ ಎಂದೆ. ಒಂದು ವರ್ಷದ ಕೆಲಸ ಹಾಳು ಮಾಡಿದೆ ಎಂದೆ. ಇನ್ನೂ ಏನೇನೋ ಅಂದೆ.

ಅವಳು ಎಲೆ ಅಡಿಕೆ ಉಗುಳಿ ಬಂದು ನಿಧಾನವಾಗಿ ಹೇಳಿದಳು: "ನನ್ನ ಕೈ ಕೂಲಿ ಕೈ ರೀ ಸಾಹೇಬ್ರ. ಹೇಳಿದಷ್ಟs ಮಾಡತೈತಿ. ಹೇಳದs ಮಾಡೂ ಕೈ ನಿಮ್ಮನ್ಯಾಗ ಐತಿ, ನೋಡ್ಕೋರಿ."

ನಾಳೆಯಿಂದ ಬರಬೇಡ ಎಂದೆ.

೩ ಸೆಪ್ಟೆಂಬರ್

ಬೆಳಕು ಹರಿಯುವಾಗ ಹಾಸಿಗೆಯಲ್ಲಿ ಶೇಖರಮ್ಮ ಇರಲಿಲ್ಲ. ಹೊರಗೆ ಹೋಗಿ ಬೋರಿನ ಕಟ್ಟೆಯ ಹಿಂದೆ ನಿಂತು ನೋಡಿದೆ.

ಸಾಲಿನ ನಡುವೆ ಅವಳು ಕೂತು ಕೂತೇ ಸರಿಯುತ್ತಿದ್ದಳು. ಸೊಂಟ ತೂಗುತ್ತಿತ್ತು, ಭುಜ ಕುಣಿಯುತ್ತಿತ್ತು. ಆದರೆ ಬೆರಳು ಸಸಿಗೆ ತಾಗಿದ ಕೂಡಲೇ ಕೈ ಶಾಂತವಾಗುತ್ತಿತ್ತು. ಎರಡು ಉಗುರಿನ ನಡುವೆ ಚಿಗುರು, ಒಂದು ತಿರುವು, ಮುಗಿಯಿತು. ತವರಿನ ದಾಳಿಂಬೆ ತೋಟದಲ್ಲಿ ಹುಡುಗಿಯಾಗಿದ್ದಾಗ ಕಲಿತ ಕೆಲಸ. ಎಲ್ಲ ಮರೆಯುತ್ತಿರುವವಳು ಇದನ್ನು ಮರೆತಿರಲಿಲ್ಲ. ಇಷ್ಟು ತಿಂಗಳಲ್ಲಿ ಆ ಕೈ ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ.

"ಏನ ಮಾಡಾಕತ್ತಿ?"

ಬೆಚ್ಚಲಿಲ್ಲ. "ಬರ್ರಿ, ಬರ್ರಿ. ಬಗಲ ಚಿಗುರು ಒಡದ್ರ ನೀವು ಕೀಳಸ್ತೀರಲ್ಲ? ನೆಟ್ಟಗ ಇದ್ದವ್ನ ಇಟ್ಕೊಂತೀರಿ. ಅದಕ್ಕ ಎಲ್ಲಾನೂ ನೆಟ್ಟಗ ಮಾಡೀನಿ."

"ನೀ ಚಿವುಟಿದ್ರ ಒಳಗಿಂದು ಬದಲಾಗಂಗಿಲ್ಲ."

"ಒಳಗಿಂದು ಯಾರಿಗಿ ಕಾಣತೈತ್ರಿ?" ಎಂದು ನಕ್ಕಳು. "ಎಳೀ ಗಿಡ. ಪಾಪ, ಸುಡಬ್ಯಾಡ್ರಿ."

ಕೈ ಹಿಡಿದು ಮನೆಗೆ ಕರೆತಂದೆ. ದಾರಿಯುದ್ದಕ್ಕೂ ನನ್ನ ಹಿಡಿತದಲ್ಲಿ ಅದು ಕೋಳಿಯಂತೆ ಒದ್ದಾಡಿತು.

ಫಕೀರಮ್ಮನಿಗೆ ಹೇಳಿ ಕಳಿಸಬೇಕೇನೋ. ಆದರೆ ಆಳುಗಳ ಮುಂದೆ ಒಮ್ಮೆ ಆಡಿದ ಮಾತು. ಬೇಡ.

೧೧ ಸೆಪ್ಟೆಂಬರ್

ಶೇಖರಮ್ಮನಿಗೆ ತಿಳಿಸಿ ಹೇಳಿದೆ. ಒಪ್ಪಿದಳು. ಮರುದಿನ ಮತ್ತೆ ಸಾಲಿನಲ್ಲಿದ್ದಳು. ಗದರಿದೆ. ಅತ್ತಳು. ಮರುದಿನ ಮತ್ತೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಗೋಡೆಯ ಸುಣ್ಣವನ್ನೆಲ್ಲ ಉಗುರಿನಿಂದ ಕೆರೆದಿಟ್ಟಳು, ಬೆರಳು ರಕ್ತ.

೨೦ ಸೆಪ್ಟೆಂಬರ್

ಉಪಾಯ ಸಿಕ್ಕಿದೆ. ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ. ಎಳೆದರೆ ಹಿಗ್ಗುತ್ತದೆ, ಬೆಳೆಯುವ ತೊಗಟೆಗೂ ನೋವಾಗದಂತೆ ಮಾಡಿದ ವಸ್ತು. ಎರಡೂ ಮಣಿಕಟ್ಟನ್ನು ಸೇರಿಸಿ ಮೆತ್ತಗೆ ಸುತ್ತಿ ಮಂಚದ ಕಾಲಿಗೆ ಒಂದು ಗಂಟು. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಕಟ್ಟುವುದು, ಊಟಕ್ಕೆ ಬಂದಾಗ ಬಿಚ್ಚುವುದು, ಮತ್ತೆ ಸಂಜೆಯವರೆಗೆ.

"ನಾನೇನು ಎಮ್ಮೀನ್ರಿ?" ಎಂದು ಕೇಳಿದಳು. ಜೋರು ಮಾಡಲಿಲ್ಲ. ಮಾತು ಈಗ ಸರಿಯಾಗಿ ಬರುವುದಿಲ್ಲ.

ಹೊಸ ಚಿಗುರು ಒಡೆಯಲು ಎರಡು ತಿಂಗಳು ಸಾಕು.

೪ ಅಕ್ಟೋಬರ್

ಗಾಯಗಳ ಕೆಳಗೆ ಹಸಿರು ಚುಕ್ಕೆ. ಚಿವುಟಿದ ಕಡೆ ಒಂದರ ಬದಲು ಎರಡು ಬರುತ್ತಿವೆ. ಕಟ್ಟುವುದು ಈಗ ಅಭ್ಯಾಸವಾಗಿದೆ. ಪಟ್ಟಿ ತೆಗೆದುಕೊಂಡು ಒಳಗೆ ಬಂದರೆ ಅವಳೇ ಕೈ ಮುಂದೆ ಮಾಡುತ್ತಾಳೆ. ಇದು ಸಮಾಧಾನದ ಸಂಗತಿ.

೧೫ ನವೆಂಬರ್, ಮಂಗಳವಾರ

ನಿಶ್ಚಯಕ್ಕೆ ಮೊದಲು ಹುಲಿಗಿಗೆ ಹೋಗಿ ಅಮ್ಮನಿಗೆ ಉಡಿ ತುಂಬಬೇಕೆಂದು ಅಂದಪ್ಪನ ಹೆಂಡತಿಯ ಹಟ. ಎರಡೂ ಮನೆಯವರು ಒಂದೇ ಗಾಡಿಯಲ್ಲಿ ಹೋದೆವು. ದಾನೇಶ್ವರಿ ಹಸಿರು ಸೀರೆ ಉಟ್ಟಿದ್ದಳು. ಪ್ರಭುರಾಜ ಅವಳ ಚಪ್ಪಲಿ ಕಾಯುತ್ತ ನಿಂತದ್ದನ್ನು ಕಂಡು ಅಂದಪ್ಪ, "ನೋಡ್ರಿ ಬೀಗರ, ಈಗಿಂದನs ನೌಕರಿಗಿ ಸೇರ್ಯಾನ," ಎಂದ.

ಗುಡಿಯ ಗದ್ದಲ, ಡೊಳ್ಳು, ಭಂಡಾರದ ಧೂಳು. ಸಾಲಿನಲ್ಲಿ ನಿಂತಿದ್ದ ಶೇಖರಮ್ಮನ ಕೈ ಮೊದಲು ಎದ್ದಿತು, ಆಮೇಲೆ ತಲೆ, ಆಮೇಲೆ ಇಡೀ ಮೈ. ಯಾರೋ "ಉಧೋ" ಎಂದರು. ಜನ ಹಿಂದೆ ಸರಿದು ಸುತ್ತ ಜಾಗ ಬಿಟ್ಟರು. ಹೆಂಗಸರು ಅವಳ ಹಣೆಗೆ ಭಂಡಾರ ಹಚ್ಚಿದರು, ಮಕ್ಕಳನ್ನು ಕಾಲ ಮೇಲೆ ಹಾಕಿದರು. ಅಂದಪ್ಪನ ಹೆಂಡತಿ ಅಡ್ಡ ಬಿದ್ದಳು. ದಾನೇಶ್ವರಿಯ ಕಣ್ಣಲ್ಲಿ ನೀರು. ಆದರೂ ಮುಖದಲ್ಲಿ ಒಂದು ಹೆಮ್ಮೆ.

ಶೇಖರಮ್ಮ ನನ್ನನ್ನು ಹುಡುಕಿ ನೋಡಿದಳು. ಎರಡೂ ಮಣಿಕಟ್ಟನ್ನು ಜೋಡಿಸಿ ನನ್ನತ್ತ ಚಾಚಿದಳು. ಕಟ್ಟು ಎಂದು. ಜನ ಅದನ್ನು ಆಶೀರ್ವಾದವೆಂದುಕೊಂಡರು.

ಅಂದಪ್ಪನೂ ಕೈ ಮುಗಿದ. ಆದರೆ ಅವನು ನೋಡುತ್ತಿದ್ದದ್ದು ಅವಳ ಮಣಿಕಟ್ಟನ್ನು. ಅಲ್ಲಿ ಪಟ್ಟಿಯ ಗುರುತು ಬಿದ್ದಿದೆ.

೧೯ ನವೆಂಬರ್

ನಾನು ಸಾಲಿನಲ್ಲಿದ್ದಾಗ ಅಂದಪ್ಪ ಹೇಳದೆ ಕೇಳದೆ ಮನೆಗೆ ಬಂದಿದ್ದಾನೆ. ನಾನು ಹೋಗುವಷ್ಟರಲ್ಲಿ ಹೊಸ್ತಿಲ ಒಳಗೆ ನಿಂತಿದ್ದ. ನಿಶ್ಚಯದ ಸೀರೆ ಇದ್ದ ಚೀಲ ಕಂಕುಳಲ್ಲಿತ್ತು. ಶೇಖರಮ್ಮ ಮಂಚದ ಕಾಲ ಹತ್ತಿರ ಕೂತು, ಕಟ್ಟಿದ ಕೈಯಿಂದಲೇ ಅವನಿಗೆ ಕೂಡ್ರಿ ಕೂಡ್ರಿ ಎಂದು ಸನ್ನೆ ಮಾಡುತ್ತಿದ್ದಳು.

"ಅಮ್ಮ ಬಂದಾಕಿನ್ನ ಯಾರರ ಕಟ್ತಾರೇನ್ರಿ?" ಎಂದು ಕೇಳಿದ. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ.

ನಾನು ಕೈಯ ಮಣ್ಣು ಒರೆಸಿಕೊಂಡೆ.

"ನೀವು ಕಟ್ಟೀರಿ ಅಂದ್ರ ಅದು ಅಮ್ಮ ಅಲ್ಲ. ನಿಮಗ ಗೊತ್ತೈತಿ." ಚೀಲವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದ. "ಇವರವ್ವಗೂ ಇದs ಇತ್ತು. ಈಗ ಇವರಿಗಿ. ಸರ, ಇದು ಬೀಜದಾಗ ಐತೇನು?"

ಸರ, ಎಂದ.

"ಐತಿ."

"ಇಬ್ಬರಾಗ ಒಬ್ಬರಿಗಿ ಇದ್ರ ಸಾಕೇನು?"

"ಸಾಕು."

"ಅರ್ಧಕ್ಕ?"

"ಅರ್ಧಕ್ಕ."

"ಸಣ್ಣವಿದ್ದಾಗ ಎಲ್ಲಾ ಒಂದೇ ಥರ," ಎಂದು ತನಗೆ ತಾನೇ ಹೇಳಿಕೊಂಡ. ಒಂದು ಮಾತೂ ತಪ್ಪಿರಲಿಲ್ಲ. ಜೂನಿನಲ್ಲಿ ನಾನು ಹೇಳಿದ ಕ್ರಮದಲ್ಲೇ ಹೇಳಿದ. ಪಾಠ ಇಷ್ಟು ಚೊಕ್ಕವಾಗಿ ಮುಟ್ಟಿದ್ದನ್ನು ನೋಡುವ ಸಂದರ್ಭ ಕಲಿಸುವವನಿಗೆ ಅಪರೂಪ. ಬರೆಯಬಾರದು, ಆದರೂ ಬರೆಯುತ್ತೇನೆ: ಒಂದು ಕ್ಷಣ ನನಗೆ ಸಂತೋಷವಾಯಿತು.

ಸೀರೆಯ ಚೀಲದೊಂದಿಗೇ ಹೋದ. ಶೇಖರಮ್ಮ, "ಚಾ ಕುಡೀಲಿಲ್ಲಲ್ರೀ ಬೀಗರು," ಎಂದಳು. ಆ ಒಂದು ಮಾತು ಮಾತ್ರ ತೊದಲದೆ ಬಂತು.

೨೧ ನವೆಂಬರ್

ಅಂದಪ್ಪ ಫೋನು ಮಾಡಿದ. ದನಿ ಮೆತ್ತಗಿತ್ತು. "ನಿಮ್ಮ ಕಡಿಂದನs ಬ್ಯಾಡ ಅಂದ್ರಿ ಅಂತ ಊರಾಗ ಹೇಳ್ತೀನ್ರಿ ಸರ. ಹುಡಿಗಿ ಹೆಸರು ಕೆಡಬಾರದು. ಗಿಡದ ಕೆಲಸ ನಡೀಲಿ, ಅದಕ್ಕೇನೂ ಸಂಬಂಧಿಲ್ಲ."

ಅವನ ಜಾಗದಲ್ಲಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆ. ಹಾಗೆಂದು ಅವನಿಗೂ ಹೇಳಿದೆ. "ಹಿಂಗ ಅನಬಾರದಿತ್ರಿ ನೀವು," ಎಂದು ಫೋನಿಟ್ಟ. ಯಾಕೆಂದು ತಿಳಿಯಲಿಲ್ಲ.

೨೩ ನವೆಂಬರ್

ಚಿಗುರುಗಳೆಲ್ಲ ಸ್ಪಷ್ಟವಾಗಿ ಒಡೆದಿವೆ. ಮೊದಲು ಕಿತ್ತವನ್ನೂ ಸೇರಿಸಿ ಎಣಿಸಿದೆ. ಸರಿಸುಮಾರು ಅರ್ಧ ನೆಟ್ಟಗೆ, ಅರ್ಧ ಬಗಲು. ಯಾವ ಪವಾಡವೂ ಇಲ್ಲ. ಶಿಮ್ಲಾದವನು ಹೇಳಿದ್ದೇ ಸರಿ.

ಫಕೀರಮ್ಮನಿಲ್ಲ, ಬೇರೆ ಆಳು ಸಿಗಲಿಲ್ಲ. ನಾನೇ ಕೀಳತೊಡಗಿದೆ. ಮೊದಲ ಕೆಲವು ಕಷ್ಟವಾದವು. ಆಮೇಲೆ ಕೈಗೆ ಲಯ ಸಿಕ್ಕಿತು. ಬೇರು ಮಣ್ಣು ಬಿಡುವ ಆ ಸಣ್ಣ ಸದ್ದು, ಹತ್ತಿರದಿಂದ ಕೇಳಿದರೆ, ಹಿತವಾಗಿಯೇ ಇದೆ.

೨೪ ನವೆಂಬರ್

ಮಧ್ಯಾಹ್ನ ದಾನೇಶ್ವರಿ ಬಂದಳು. ಮೊದಲು ಒಳಗೆ ಹೋಗಿದ್ದಾಳೆ. ನಾನು ಸಾಲಿನಲ್ಲಿದ್ದೆ. ಹಿಂದಿನಿಂದ ಬಂದು ನನ್ನ ಮುಂದೆ ಕಸಿ ಪಟ್ಟಿಯ ತುಂಡು ಎಸೆದಳು. ಮೈಮೇಲೆ ಓಢಣಿ ಪೂರ್ತಿ ಹೊದ್ದಿದ್ದಳು, ಚಳಿಯಿರಲಿಲ್ಲ.

"ಅಂದಪ್ಪ ಕಾಕಾಗ ಗೊತ್ತಾತು. ಪ್ರಭುಗ ಗೊತ್ತಾತು. ಅವ ಫೋನ್ ಮಾಡಿ ಅಳಕೋತ ನನಗ ನನ್ನ ರೋಗದ ಸುದ್ದಿ ಹೇಳಿದ. ನೀ ಯಾವಾಗ ಹೇಳಾಂವಿದ್ದಿ ಅಪ್ಪಾ?"

"ನಿನ್ನ ರೋಗ ಅಂತ ಇನ್ನೂ ಹೇಳಾಕ ಬರೂದಿಲ್ಲ. ಅರ್ಧ ಮಾತ್ರ."

"ಅರ್ಧ," ಎಂದಳು. ಕಿತ್ತು ಹಾಕಿದ ಸಸಿಗಳ ಗುಡ್ಡೆಯನ್ನು ನೋಡಿದಳು, ನಿಂತಿರುವವನ್ನು ನೋಡಿದಳು. "ನಾ ಯಾವ ಕಡೀಯಾಕಿ?"

"ನಿಮ್ಮವ್ವಗ ನಾಲ್ವತ್ತಾರಕ್ಕ ತೋರಿಸ್ತು. ನಿಮ್ಮಜ್ಜಿಗಿ ಇನ್ನಾ ಸ್ವಲ್ಪ ತಡಾ. ರಕ್ತ ಪರೀಕ್ಷೆ ಮಾಡಿಸಿದ್ರ ಈಗs ತಿಳೀತೈತಿ. ನಿನಗ ಅದರ ವ್ಯವಸ್ಥಾ ಗೊತ್ತs ಐತಿ."

"ಮಾಡಿಸಿದ್ರೂ ನಿನಗ ಹೇಳಂಗಿಲ್ಲ."

ಇದು ಯುಕ್ತವಲ್ಲ, ತಂದೆಗೆ ತಿಳಿದಿರುವುದು ಒಳ್ಳೆಯದು ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಹತ್ತಿರ ಬಂದು ಕೂತಳು, ನನ್ನ ಎದುರಿಗೆ, ನಡುವೆ ಒಂದು ಸಸಿ.

"ಒಂದs ಕೇಳ್ತೀನಿ. ನಾ ಹುಟ್ಟೂಕಿಂತ ಮುಂಚೆ ಇದು ಗೊತ್ತಿದ್ರ, ನನ್ನೂ ಕೀಳಸ್ತಿದ್ದ್ಯಾ?"

ಯೋಚಿಸಿ ಉತ್ತರ ಕೊಡುವುದು ನನ್ನ ಅಭ್ಯಾಸ. ಪ್ರಶ್ನೆ ಸರಳವಲ್ಲ. ಆಗ ಏನು ತಿಳಿದಿರುತ್ತಿತ್ತು, ಎಷ್ಟು ಖಚಿತವಾಗಿ, ಎಲ್ಲವನ್ನೂ ತೂಗಬೇಕಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದಿದ್ದಳು.

"ಇಷ್ಟೊತ್ತು ಬೇಕಾತು ನಿನಗ," ಎಂದಳು.

ನಾನು ಅವಳ ಓಢಣಿಯ ಅಂಚನ್ನು ನೋಡುತ್ತಿದ್ದೆ. ಅದರೊಳಗೆ ಬೆರಳುಗಳು ಅಲುಗಿದಂತೆ ಕಂಡಿತು. ಸಿಟ್ಟಿಗೂ ಹಾಗಾಗಬಹುದು. ಅವಳು ನನ್ನ ನೋಟ ಹಿಡಿದಳು.

"ಕೈ ನೋಡಬ್ಯಾಡ."

೨೫ ನವೆಂಬರ್

ದಾನೇಶ್ವರಿ ಶೇಖರಮ್ಮನನ್ನು ಗಂಗಾವತಿಗೆ ಕರೆದುಕೊಂಡು ಹೋದಳು. ನಿನ್ನ ಬಾಡಿಗೆ ಕೋಣೆಯಲ್ಲಿ ಹೇಗೆ ನೋಡಿಕೊಳ್ಳುತ್ತೀ, ಕೆಲಸಕ್ಕೆ ಹೋದಾಗ ಯಾರು ಎಂದು ಕೇಳಿದೆ. ಫಕೀರಮ್ಮ ಜೊತೆಗೆ ಬರುತ್ತಾಳಂತೆ. ಆಗಲೇ ಮಾತಾಡಿದ್ದಾಳೆ. ನಿನ್ನೆ ನನ್ನ ಹತ್ತಿರ ಬರುವ ಮೊದಲು ಫಕೀರಮ್ಮನ ಮನೆಗೆ ಹೋಗಿ ಬಂದಿದ್ದಳಂತೆ.

ಬೆಳಿಗ್ಗೆ ಅವ್ವನಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದುದನ್ನು ಬಾಗಿಲ ಸಂದಿಯಿಂದ ಕಂಡೆ. ಬೆನ್ನು ನನ್ನ ಕಡೆಗಿತ್ತು. ಕೈ ಕಾಣಲಿಲ್ಲ.

ನಾನು ಬಟ್ಟೆಯ ಗಂಟು ಹೊತ್ತು ಬಸ್ ನಿಲ್ದಾಣದವರೆಗೆ ಹೋದೆ. ಫಕೀರಮ್ಮ ಅಲ್ಲಿ ಆಗಲೇ ಕಾಯುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ಮಾತಾಡಲಿಲ್ಲ. ನನ್ನಿಂದ ಗಂಟು ಇಸಿದುಕೊಂಡು ತಾನೇ ಮೇಲೆ ಹತ್ತಿಸಿದಳು. ಶೇಖರಮ್ಮ ಮೆಟ್ಟಿಲ ಮೇಲೆ ತಡೆದು ನನ್ನ ಕಡೆ ತಿರುಗಿದಳು. ಮಣಿಕಟ್ಟೆರಡನ್ನೂ ಜೋಡಿಸಿ ಚಾಚಿದಳು. ಹೊರಡುವ ಮೊದಲು ಕಟ್ಟಬೇಕಲ್ಲ, ಮರೆತಿರೇನು ಎಂಬಂತೆ. ದಾನೇಶ್ವರಿ ಅವಳ ಭುಜ ಹಿಡಿದು ಒಳಗೆ ಕರೆದುಕೊಂಡಳು.

"ಸಸಿ?" ಎಂದು ಒಳಗಿನಿಂದ ಶೇಖರಮ್ಮನ ದನಿ. "ಸಸಿ ಎಷ್ಟು ಉಳದಾವ್ರಿ?"

ಅರ್ಧ ಎಂದು ಹೇಳಿದೆ. ಎಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

ಬಸ್ಸು ಹೊರಟಿತು. ನಾನು ಕೈ ಎತ್ತಿದೆ. ದಾನೇಶ್ವರಿ ಬೀಸಲಿಲ್ಲ. ಎರಡೂ ಕೈಯನ್ನು ಓಢಣಿಯೊಳಗೆ ಇಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದಳು. ಕಿಟಕಿಯ ಹೊರಗೆ ಶೇಖರಮ್ಮನ ಕೈ ಮಾತ್ರ ಬೀಸುತ್ತಿತ್ತು, ಬಸ್ಸು ತಿರುವು ದಾಟುವವರೆಗೂ. ನನಗಾಗಿ ಬೀಸುತ್ತಿತ್ತೋ, ಸುಮ್ಮನೆ ಬೀಸುತ್ತಿತ್ತೋ, ತಿಳಿಯುವ ಉಪಾಯವಿಲ್ಲ.